ಗೃಹಕೃತ್ಯದ ಲೆಕ್ಕ: ಮಗುವಿಗೊಂದು ಪಿಂಗ್‌ಪಾಂಗ್ ಬ್ಯಾಟು

ತನಗೆ ತಿಳಿಯದ ಸಾಮಾನನ್ನು ಕೊಳ್ಳಬೇಕಾಗಿ ಬಂದಾಗ ಗೃಹಸ್ಥನು ಪಡುವ ಪಾಡು ಅಷ್ಟಿಷ್ಟಲ್ಲ. ಅಕ್ಕಿಯನ್ನು ಅಂಗೈಯ ಮೇಲೆ ಹಾಕಿಕೊಂಡು ಹಳೆಯದೋ ಹೊಸದೋ ಎಂದು ಹೇಳಬಲ್ಲೆವು. ಹಿತ್ತಾಳೆಯ ಚೊಂಬನ್ನು ಬೆರಳಿನಿಂದ ತಟ್ಟಿ ಬಿರುಕುಂಟೋ ಇಲ್ಲವೋ ಎಂಬುದನ್ನು ಅದರ ದನಿಯಿಂದಲೇ ತಿಳಿಯಬಲ್ಲೆವು. ಸೀರೆಯ ಅಂಚನ್ನು ತಿಕ್ಕಿ ಬಣ್ಣ ನಿಲ್ಲುವುದೋ ಹೋಗುವುದೋ ಎಂಬುದನ್ನು ನಮ್ಮ ಹೆಂಗಸರು ಕಣ್ಣು ಮುಚ್ಚಿಕೊಂಡು ಹೇಳುವರು. ಆದರೆ ಮಕ್ಕಳ ಆಟದ ಸಾಮಾನೆಂದರೆ ನಮ್ಮ ಜಾಣತನವೆಲ್ಲವೂ ಅಂಗಡಿಯ ಬಾಗಿಲಲ್ಲಿಯೇ ನಿಂತುಬಿಡುವುದು. ಅಂಗಡಿಯವರ ಮುಖವನ್ನೂ ಮಗುವಿನ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿ, ಕೊನೆಗೆ ಜೇಬಿಗೆ ಕೈ ಹಾಕುವುದೊಂದೇ ನಮಗೆ ಉಳಿಯುವ ಕೆಲಸ. ಅಂಥ ಸಾಮಾನುಗಳಲ್ಲೊಂದಾದ ಟೇಬಲ್ ಟೆನ್ನಿಸ್ ಬ್ಯಾಟಿನ ವಿಷಯವನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಸಂಗತಿ ನಡೆದುದು ಹೀಗೆ. ನನ್ನ ತಮ್ಮನು ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ಹುಡುಗಿಗೆ ಹನ್ನೆರಡು ವರ್ಷ. ಎರಡು ವರ್ಷಗಳಿಂದ ಶಾಲೆಯಲ್ಲಿ ಈ ಆಟವನ್ನು ಕಲಿಯುತ್ತಿದ್ದಾಳೆ. ಈ ಸಲ ಜಿಲ್ಲೆಯ ಪಂದ್ಯಗಳಿಗೆ ಆಯ್ಕೆಯಾಗಿದ್ದಾಳೆ. 2024ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಸಿನಲ್ಲಿ ಭಾರತದ ಹೆಂಗಸರ ತಂಡವು ಮೊಟ್ಟಮೊದಲ ಬಾರಿಗೆ ಕಡೆಯ ಎಂಟು ತಂಡಗಳಲ್ಲೊಂದಾಗಿ ನಿಂತಿತಷ್ಟೆ. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಇದ್ದರು. ಅಂದಿನಿಂದ ಈ ಹುಡುಗಿಗೆ ಊಟ ನಿದ್ರೆಗಳಲ್ಲಿಯೂ ಅದೇ ಧ್ಯಾನ. ಆಟ ಕಲಿಸುವ ಮೇಷ್ಟರು, "ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ಬ್ಯಾಟು ಇನ್ನು ಇವಳಿಗೆ ಸಾಲದು, ಮರ ಬೇರೆ, ರಬ್ಬರು ಬೇರೆ ಕೊಂಡು ಕಟ್ಟಿಸಿದ ಬ್ಯಾಟು ಬೇಕು" ಎಂದು ಹೇಳಿ ಕಳುಹಿಸಿದ್ದರು. ತಮ್ಮನು ಅದಕ್ಕಾಗಿ ಆರು ಸಾವಿರ ರೂಪಾಯಿಗಳನ್ನು ಒಂದು ಲಕೋಟೆಯಲ್ಲಿ ಹಾಕಿ ತಂದಿದ್ದನು. "ಅಣ್ಣಯ್ಯ, ಇದಕ್ಕಿಂತ ಹೆಚ್ಚು ಈಗ ನನ್ನಿಂದಾಗದು. ಇಷ್ಟರಲ್ಲಿ ಆಗುವುದಾದರೆ ನೀವೇ ಕರೆದುಕೊಂಡು ಹೋಗಿ ಕೊಡಿಸಿ" ಎಂದನು.

ನಮ್ಮ ಮನೆಯಾಕೆ ಕಾಫಿಯನ್ನು ಮುಂದಿಡುತ್ತ, "ಬೀರುವಿನಲ್ಲಿ ನಮ್ಮ ಮಗನ ಬ್ಯಾಟು ಸುಮ್ಮನೆ ಮಲಗಿದೆಯಲ್ಲ! ಆಗಲೇ ಹದಿನಾಲ್ಕು ಸಾವಿರ ಕೊಟ್ಟು ತಂದದ್ದು. ಅದನ್ನೇ ಮಗುವಿಗೆ ಕೊಟ್ಟರೆ ಈ ಆರು ಸಾವಿರವೂ ಉಳಿಯುವುದಿಲ್ಲವೇ?" ಎಂದಳು. ಗೃಹಕೃತ್ಯದ ದೃಷ್ಟಿಯಿಂದ ಇದಕ್ಕಿಂತ ನ್ಯಾಯವಾದ ಮಾತಿಲ್ಲ. ಹುಡುಗಿಯ ಕಣ್ಣುಗಳೂ ಬೀರುವಿನ ಕಡೆಗೆ ತಿರುಗಿದುವು. ನಾನು ಮಾತ್ರ ಕೂಡಲೇ ಉತ್ತರ ಹೇಳಲಾರದೆ ಹೋದೆನು. ಆ ಬ್ಯಾಟಿನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ಹೇಳದೆ ಮುಂದಿನದು ಅರ್ಥವಾಗದು.

ಆರು ವರ್ಷಗಳ ಹಿಂದೆ ನನ್ನ ಮಗನಿಗೆ ಹದಿಮೂರು ವರ್ಷ. ಇದೇ ಆಟ, ಇದೇ ಉತ್ಸಾಹ. ನಾನು ಅವನನ್ನು ಒಂದು ಅಂಗಡಿಗೆ ಕರೆದುಕೊಂಡು ಹೋದೆನು. ಅಂಗಡಿಯಾತನು ದೊಡ್ಡ ದೊಡ್ಡ ಆಟಗಾರರ ಪಟಗಳನ್ನು ತೋರಿಸಿ, ಇಂಗಾಲದ ನಾರಿನ ಪದರವುಳ್ಳ, ಎಂದರೆ ಕಾರ್ಬನ್ ಎಂದು ಕರೆಯುವ ಬ್ಯಾಟನ್ನೂ ಅದಕ್ಕೆ ಅತ್ಯಂತ ದಪ್ಪನಾದ ರಬ್ಬರುಗಳನ್ನೂ ನನ್ನ ತಲೆಗೆ ಕಟ್ಟಿದನು. ಹೆಚ್ಚು ಬೆಲೆಯ ವಸ್ತು ಹೆಚ್ಚು ಒಳ್ಳೆಯದೆಂಬ ನಮ್ಮೆಲ್ಲರ ಮೂಢನಂಬಿಕೆ ನನ್ನಲ್ಲಿಯೂ ಇದ್ದಿತು. ಮೊದಲ ವಾರ ಹುಡುಗನು ಹೊಡೆದ ಚೆಂಡು ಗುಂಡಿನಂತೆ ಹೋಯಿತು, ನೋಡಿದವರೆಲ್ಲರೂ ಬೆರಗಾದರು. ಎರಡನೆಯ ವಾರ ತಿಳಿದುದೇನೆಂದರೆ, ಅದು ಮೇಜಿನ ಆಚೆಗೆ ಹೋಗುತ್ತಿದ್ದಿತು. ಎದುರಾಳಿಯ ಮೆಲ್ಲನೆಯ ಸರ್ವೀಸನ್ನು ಮುಟ್ಟಿದರೆ ಸಾಕು, ಚೆಂಡು ಮೇಲಕ್ಕೆದ್ದು ಅವನಿಗೇ ಸುಲಭವಾದ ಹೊಡೆತವಾಗುತ್ತಿದ್ದಿತು. ಮೇಷ್ಟರು "ಮೆಲ್ಲಗೆ, ಮೆಲ್ಲಗೆ" ಎಂದರು. ಹುಡುಗನು ಮೆಲ್ಲಗೆ ಮಾಡಹೋಗಿ ತೋಳನ್ನು ಪೂರಾ ಬೀಸುವುದನ್ನೇ ಬಿಟ್ಟನು. ಚೆಂಡನ್ನು ಕಂಡು ಹೆದರಿ ಚುಚ್ಚುವುದನ್ನು ಕಲಿತನು. ವರ್ಷ ತುಂಬುವುದರೊಳಗೆ ಆಟ ನಿಂತಿತು. ಬ್ಯಾಟೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆ. ಓದು ಹೆಚ್ಚಾಯಿತು, ಗೆಳೆಯರು ಬದಲಾದರು. ಆದರೂ ಬೀರುವಿನ ಆ ಬಾಗಿಲನ್ನು ತೆರೆದಾಗಲೆಲ್ಲ ನನ್ನ ಮನಸ್ಸಿನಲ್ಲಿ ಏನೋ ಒಂದು ಮುಳ್ಳು ಆಡಿದಂತಾಗುತ್ತಿದ್ದಿತು. ಅವನ ಕೈಗೆ ಆಗ ನಾನು ಕೊಟ್ಟದ್ದು ಬಹುಮಾನವಲ್ಲ, ಭಾರ.

ಆ ಮೇಲೆ ನಾನು ನಾಚಿಕೆಯನ್ನು ಬಿಟ್ಟು ತಿಳಿದವರನ್ನು ಕೇಳಿ ಕಲಿತುದನ್ನು ಇಲ್ಲಿ ಹೇಳುತ್ತೇನೆ.

ಈ ಬ್ಯಾಟಿನಲ್ಲಿರುವುದು ಎರಡೇ ವಸ್ತು: ನಡುವೆ ಮರದ ಹಲಗೆ, ಎರಡು ಮೈಗೂ ರಬ್ಬರು. ಸಿದ್ಧ ಬ್ಯಾಟಿನಲ್ಲಿ ಇವೆರಡನ್ನೂ ಕಾರ್ಖಾನೆಯಲ್ಲಿಯೇ ಗಟ್ಟಿಯಾಗಿ ಅಂಟಿಸಿರುವರು; ರಬ್ಬರು ಸವೆದರೆ ಬ್ಯಾಟು ಪೂರಾ ಹೋದಂತೆಯೇ. ಅದರ ಮೇಲೆ ಅಚ್ಚು ಹಾಕಿರುವ ಮೂರು ನಕ್ಷತ್ರ, ಐದು ನಕ್ಷತ್ರಗಳನ್ನು ಕಂಡು ಯಾರೂ ಮರುಳಾಗಬೇಡಿರಿ. ಅವು ತಯಾರಕರು ತಮಗೆ ತಾವೇ ಕೊಟ್ಟುಕೊಂಡ ಬಿರುದುಗಳು. ಒಬ್ಬರ ಮೂರು ಇನ್ನೊಬ್ಬರ ಐದಕ್ಕೆ ಸಮನಾಗಿರಬಹುದು. ರಜೆಯಲ್ಲಿ ಆಡುವ ಮಕ್ಕಳಿಗೆ ಅಂಥದು ಧಾರಾಳವಾಗಿ ಸಾಕು. ಆದರೆ ದಿನವೂ ಅಭ್ಯಾಸ ಮಾಡುವ ಮಗುವಿಗೆ ಬೇರೆ ಬೇರೆಯಾಗಿ ಕೊಂಡು ಕಟ್ಟಿದ ಬ್ಯಾಟೇ ಮಿತವ್ಯಯದ್ದು. ಏಕೆಂದರೆ ಹಲಗೆ ಚೆನ್ನಾಗಿ ನೋಡಿಕೊಂಡರೆ ಹತ್ತಾರು ವರ್ಷ ಬಾಳುವುದು. ಸವೆಯುವುದು ರಬ್ಬರು ಮಾತ್ರ. ಚಪ್ಪಲಿಯ ಅಟ್ಟೆ ಸವೆದರೆ ಅಟ್ಟೆಯನ್ನು ಹಾಕಿಸುವೆವಲ್ಲದೆ ಕಾಲನ್ನು ಬದಲಾಯಿಸುವುದುಂಟೆ?

ರಬ್ಬರಿನ ಮಹಿಮೆ ಎಷ್ಟೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗವುಂಟು. 1952ರಲ್ಲಿ ಪ್ರಪಂಚದ ಚಾಂಪಿಯನ್ ಪಂದ್ಯಗಳು ಬೊಂಬಾಯಿಯಲ್ಲಿ ನಡೆದುವು. ಏಷ್ಯಾ ಖಂಡದಲ್ಲಿ ಅವು ನಡೆದುದು ಅದೇ ಮೊದಲು. ಅಲ್ಲಿಯ ತನಕ ಎಲ್ಲರೂ ಆಡುತ್ತಿದ್ದುದು ಸಣ್ಣ ಸಣ್ಣ ಗುಳ್ಳೆಗಳಿರುವ ತೆಳುವಾದ ರಬ್ಬರಿನಿಂದ. ಚೆಂಡು ತಗುಲಿದಾಗ ಟಕ್ ಎಂದು ಶಬ್ದ ಬರುತ್ತಿದ್ದಿತು. ಜಪಾನಿನ ಹಿರೋಜಿ ಸಾಟೊ ಎಂಬ ಆಟಗಾರನು ದಪ್ಪನಾದ ಸ್ಪಂಜನ್ನು ಅಂಟಿಸಿದ ಬ್ಯಾಟನ್ನು ಹಿಡಿದು ಬಂದನು. ಅದಕ್ಕೆ ಚೆಂಡು ತಗುಲಿದರೆ ಶಬ್ದವೇ ಇಲ್ಲ. ಕಿವಿಯಿಂದಲೂ ಆಟವನ್ನು ಅಳೆಯುತ್ತಿದ್ದ ಎದುರಾಳಿಗಳಿಗೆ ಚೆಂಡು ಯಾವಾಗ ಹೊರಟಿತು, ಎಷ್ಟು ವೇಗದಿಂದ ಹೊರಟಿತು ಎಂಬುದೇ ಗೊತ್ತಾಗದೆ ಹೋಯಿತು. ಸಾಟೊ ಚಾಂಪಿಯನ್ ಆದನು. ಆ ಮೇಲೆ ಬ್ಯಾಟುಗಳಲ್ಲಿ ಒಂದು ದೊಡ್ಡ ಗದ್ದಲವೇ ಹುಟ್ಟಿತು. ಕೊನೆಗೆ 1959ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯವರು ಬರಿಯ ಸ್ಪಂಜನ್ನು ನಿಷೇಧಿಸಿ, ಸ್ಪಂಜಿನ ಮೇಲೆ ಗುಳ್ಳೆಯ ರಬ್ಬರಿನ ಹೊದಿಕೆ ಇರಬೇಕು, ಎಲ್ಲವೂ ಸೇರಿ 4 ಮಿಲಿಮೀಟರಿಗಿಂತ ದಪ್ಪವಿರಕೂಡದು ಎಂದು ಕಟ್ಟು ಮಾಡಿದರು. ಆ ಅಳತೆ ಇಂದಿಗೂ ನಡೆಯುತ್ತಿದೆ. ಈಗ ನಾವು ರಬ್ಬರು ಎನ್ನುವುದು ಹಾಸಿಗೆಯೂ ಮೇಲುಹೊದಿಕೆಯೂ ಕೂಡಿದಂಥ ಈ ಜೋಡಿಯನ್ನೇ. ಬಹುಮಂದಿ ಆಡುವ ರಬ್ಬರಿನಲ್ಲಿ ಗುಳ್ಳೆಗಳು ಒಳಗೆ ಸ್ಪಂಜಿನ ಕಡೆಗೆ ತಿರುಗಿರುತ್ತವೆ, ಹೊರಮೈ ನುಣುಪು.

ಇನ್ನು ಹಲಗೆ. ನಿಯಮದ ಪ್ರಕಾರ ಇದರ ದಪ್ಪದಲ್ಲಿ ನೂರಕ್ಕೆ 85 ಪಾಲಾದರೂ ಸ್ವಾಭಾವಿಕವಾದ ಮರವೇ ಆಗಿರಬೇಕು. ತೆಳುವಾದ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಇದನ್ನು ಮಾಡುವರು. ಐದು ಪದರ, ಏಳು ಪದರ ಎಂದು ಎಣಿಸುವುದು ಇದನ್ನೇ. ನಡುವಣ ದಪ್ಪ ಪದರಕ್ಕೆ ಆಫ್ರಿಕಾದ ಅಯೂಸ್ ಎಂಬ ಹಗುರವಾದ ಮರವನ್ನೂ, ಹೊರಗಣ ಪದರಕ್ಕೆ ಲಿಂಬಾ ಎಂಬ ಮೃದುವಾದ ಮರವನ್ನೂ ಹೆಚ್ಚಾಗಿ ಬಳಸುವರು. ಕಾರ್ಬನ್ ಹಲಗೆಯಲ್ಲಿ ಈ ಪದರಗಳ ನಡುವೆ ಕೂದಲಿಗಿಂತಲೂ ತೆಳುವಾದ ಎಳೆಗಳಿಂದ ನೆಯ್ದ ಬಟ್ಟೆಯನ್ನು ಸೇರಿಸಿರುತ್ತಾರೆ. ಅದರಿಂದ ಹಲಗೆ ಬಿಗಿಯಾಗುತ್ತದೆ. ಚೆಂಡು ಹಲಗೆಯನ್ನು ಮುಟ್ಟಿ ಬಲುಬೇಗ ಹೊರಟುಬಿಡುತ್ತದೆ. ಬೆಳೆದ ಆಟಗಾರನಿಗೆ ಇದು ವರವೇ ಸರಿ. ಮೇಜಿನಿಂದ ದೂರ ನಿಂತು ಹೊಡೆದರೂ ವೇಗ ಕುಂದುವುದಿಲ್ಲ, ಚೆಂಡು ಹಲಗೆಯ ಅಂಚಿನ ಬಳಿ ತಗುಲಿದರೂ ಹೊಡೆತ ಸಾಯುವುದಿಲ್ಲ. ಆದರೆ ಕಲಿಯುವ ಮಗುವಿಗೆ ಬೇಕಾದುದು ಚೆಂಡು ಬ್ಯಾಟಿನ ಮೇಲೆ ಒಂದು ಗಳಿಗೆ ನಿಂತು ತನ್ನ ಸಮಾಚಾರವನ್ನು ಕೈಗೆ ತಿಳಿಸುವುದು. ಐದು ಪದರದ ಬರಿಯ ಮರದ ಹಲಗೆ ಸ್ವಲ್ಪ ಬಾಗುತ್ತದೆ. ಹೊಡೆತ ತಪ್ಪಿದರೆ ಎಲ್ಲಿ ತಪ್ಪಿತೆಂದು ಅಂಗೈಗೆ ಹೇಳುತ್ತದೆ. ಮಗನ ಬ್ಯಾಟನ್ನು ತಮ್ಮನ ಮಗಳಿಗೆ ಕೊಡಲು ನಾನು ಏಕೆ ಹಿಂಜರಿದೆನೆಂಬುದು ಈಗ ವಾಚಕರಿಗೆ ಹೊಳೆದಿರಬಹುದು. ರಬ್ಬರು ಸತ್ತಿದೆ, ಹೊಸದು ಹಾಕಬಹುದು. ಹಲಗೆಯೇ ಅವಳಿಗೆ ಹೊಂದದು. ತೂಗಿ ನೋಡಿದರೆ ಇಡಿಯ ಬ್ಯಾಟು 192 ಗ್ರಾಂ ಇದ್ದಿತು. ಹನ್ನೆರಡರ ಹುಡುಗಿಯ ಮಣಿಕಟ್ಟು ಅದನ್ನು ದಿನಕ್ಕೆ ಎರಡು ಗಂಟೆ ಬೀಸಿದರೆ ಮೊಳಕೈ ನೋವು ತಪ್ಪದು.

ಮನೆಯಾಕೆಗೆ ಇದನ್ನು ಹೇಳಿದಾಗ, "ಹಾಗಾದರೆ ಆಗ ಹುಡುಗನಿಗೆ ಏಕೆ ಕೊಡಿಸಿದಿರಿ?" ಎಂದಳು. ಉತ್ತರವಿರಲಿಲ್ಲ. ನಾವು ಅಂಗಡಿಗೆ ಹೊರಟೆವು.

ತೂಕದ ವಿಷಯದಲ್ಲಿ ಒಂದು ಮಾತು. ಮರವು ಮರವೇ ಆದುದರಿಂದ ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಹಲಗೆಗಳಲ್ಲಿ ಹತ್ತು ಗ್ರಾಂ ವ್ಯತ್ಯಾಸವಿರುವುದು ಸಾಮಾನ್ಯ. ಅಡಿಗೆಮನೆಯ ಸಣ್ಣ ತಕ್ಕಡಿಯನ್ನು ನಾನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆನು. ಮೊದಲನೆಯ ಅಂಗಡಿಯವರು ಅದನ್ನು ಕಂಡು ನಕ್ಕರು. ಅವರ ಬಳಿ ಕಾರ್ಬನ್ನಿನದಲ್ಲದೆ ಬೇರೆ ಮಾತೂ ಇರಲಿಲ್ಲ. ಎರಡನೆಯ ಅಂಗಡಿಯ ಮುದುಕರು ತಾವೇ ನಾಲ್ಕು ಹಲಗೆಗಳನ್ನು ತಂದು ತಕ್ಕಡಿಯ ಮೇಲಿಟ್ಟರು: 92, 88, 84, 90. ಎಂಬತ್ತನಾಲ್ಕನ್ನು ಎತ್ತಿಕೊಂಡೆವು. ಬಳಿಕ ಅವರು ಒಂದು ಚೆಂಡನ್ನು ಕೊಟ್ಟು, "ಬರಿಯ ಹಲಗೆಯ ಮೇಲೆ ಕುಣಿಸಿ ಕೇಳಮ್ಮ" ಎಂದರು. ಕಾರ್ಬನ್ ಹಲಗೆಯ ಮೇಲೆ ಚೆಂಡು ಕೀಚಲು ದನಿಯಲ್ಲಿ ಟಿಣ್ ಎಂದಿತು. ಇದರ ಮೇಲೆ ಟೊಕ್ ಎಂದು ತಗ್ಗಿದ ದನಿ. ದನಿ ಏರಿದಷ್ಟೂ ಹಲಗೆ ಬಿಗಿ ಹಾಗೂ ವೇಗ. ತಗ್ಗಿದಷ್ಟೂ ಮೆತುವು ಹಾಗೂ ಹಿಡಿತ. ಹಿತ್ತಾಳೆಯ ಚೊಂಬನ್ನು ತಟ್ಟಿ ನೋಡುವ ನಮ್ಮ ವಿದ್ಯೆ ಇಲ್ಲಿಯೂ ಸಾಗುವುದೆಂದು ಕಂಡು ನನಗೆ ಬಹಳ ಸಂತೋಷವಾಯಿತು.

ಬೆಲೆ 2,700 ರೂಪಾಯಿ. ಹಿಡಿಯ ಬುಡ ಅಗಲವಾದುದು, ನೆಟ್ಟಗಿರುವುದು ಎಂದು ಬಗೆಗಳಿವೆ. ಕೈಗೆ ಯಾವುದು ಹಿತವೋ ಅದು. ಅದರಲ್ಲಿ ಹೆಚ್ಚು ವಿಚಾರವಿಲ್ಲ. ಸ್ವೀಡನ್ನಿನ ಸ್ಟಿಗಾ ಕಂಪನಿಯವರ ಆಲ್‌ರೌಂಡ್ ಕ್ಲಾಸಿಕ್ ಎಂಬ ಐದು ಪದರದ ಹಲಗೆ ಬಹು ಕಾಲದಿಂದ ಈ ವರ್ಗಕ್ಕೆ ಮಾದರಿ ಎನಿಸಿಕೊಂಡಿದೆ. ಅದಕ್ಕಿಂತ ಕಡಮೆ ಬೆಲೆಗೆ ಚೀನಾದವರೂ ನಮ್ಮವರೂ ಅಂಥವನ್ನೇ ಮಾಡುತ್ತಾರೆ. 1947ರಲ್ಲಿ ದೇಶವಿಭಾಗವಾದಾಗ ಸಿಯಾಲ್‌ಕೋಟಿನಿಂದ ಬಂದ ಕುಶಲಕರ್ಮಿಗಳು ನೆಲೆಸಿ ಬೆಳೆಸಿದ ಮೀರತ್ತಿನ ಆಟದ ಸಾಮಾನಿನ ಕೈಗಾರಿಕೆಯನ್ನು ನಮ್ಮ ಜನ ಸುಮ್ಮನೆ ಕಡೆಗಣಿಸುವುದುಂಟು. ಕಲಿಯುವ ಮಗುವಿನ ಮಟ್ಟಿಗೆ ಆ ಕಡೆಗಣನೆ ಸಲ್ಲದು.

ರಬ್ಬರಿನ ಆಯ್ಕೆಯೇ ಕಠಿನ. ಹುಡುಗಿ ಮೆಲ್ಲನೆ, "ದೊಡ್ಡಪ್ಪ, ಮಣಿಕಾ ಬಾತ್ರಾ ಅವರು ಹಾಕಿಕೊಳ್ಳುವಂಥ ಉದ್ದ ಗುಳ್ಳೆಯ ರಬ್ಬರು ಒಂದು ಕಡೆಗೆ ಹಾಕಿಸಿಕೊಳ್ಳಲೇ?" ಎಂದು ಕೇಳಿದಳು. 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನವನ್ನು ಗೆದ್ದ ಆಕೆ ಬ್ಯಾಕ್‌ಹ್ಯಾಂಡಿನ ಮೈಗೆ ಅಂಥ ರಬ್ಬರನ್ನು ಬಳಸುವುದು ನಿಜ. ಆ ಉದ್ದ ಗುಳ್ಳೆಗಳು ಬಾಗಿ, ಎದುರಾಳಿ ಕೊಟ್ಟ ಸುತ್ತನ್ನು ಅವನಿಗೇ ತಿರುಗಿಸಿ ಕಳುಹಿಸುತ್ತವೆ. ಬ್ಯಾಟನ್ನು ಕೈಯಲ್ಲಿಯೇ ತಿರುವಿ ಎದುರಾಳಿಯನ್ನು ತಬ್ಬಿಬ್ಬು ಮಾಡುವುದು ಆಕೆಯ ಆಟದ ಒಂದು ಭಾಗ. ಆದರೆ ಅದು ಆಕೆಯ ಕೈಗೆ ಒಪ್ಪಿದ ಆಯುಧ. ಸ್ವಂತ ಸುತ್ತನ್ನು ಹುಟ್ಟಿಸಲು ಇನ್ನೂ ಕಲಿಯುತ್ತಿರುವವಳು ಅದನ್ನು ಹಿಡಿದರೆ ಬ್ಯಾಕ್‌ಹ್ಯಾಂಡ್ ಹೊಡೆತವೇ ಬರುವುದಿಲ್ಲವೆಂದು ಮುದುಕರು ಆಕೆಗೆ ತಿಳಿಯುವಂತೆ ಹೇಳಿದರು. ಎರಡು ಮೈಗೂ ಒಂದೇ ಜಾತಿಯ ನುಣುಪು ರಬ್ಬರೆಂದು ನಿಶ್ಚಯವಾಯಿತು.

ಅದರಲ್ಲಿಯೂ ಎರಡು ಸಂಗತಿಗಳನ್ನು ನೋಡಬೇಕು. ಒಂದು ಸ್ಪಂಜಿನ ದಪ್ಪ. 2 ಮಿಲಿಮೀಟರನ್ನು ಮೀರಿದುದು ವೇಗದವರಿಗೆ; 1.8 ರಿಂದ 2 ರವರೆಗಿನದು ಕಲಿಯುವವರಿಗೆ. ಇನ್ನೊಂದು ಸ್ಪಂಜಿನ ಗಡಸುತನ. ಚೀನಾದ ಹೆಸರಾಂತ ರಬ್ಬರುಗಳ ಮೇಲ್ಮೈ ಅಂಟಂಟಾಗಿರುತ್ತದೆ, ಒಳಗಿನ ಸ್ಪಂಜು ಗಡಸು. ಬಲವಾಗಿ ಬೀಸಬಲ್ಲವನಿಗೆ ಅವು ಅದ್ಭುತವಾದ ಸುತ್ತನ್ನು ಕೊಡುವುವು. ಎಳೆಯ ಕೈಯ ಹೊಡೆತಕ್ಕೆ ಚೆಂಡು ಅದರೊಳಕ್ಕೆ ಇಳಿಯುವುದೇ ಇಲ್ಲ. ಆದುದರಿಂದ ಮೆತುವಾದ ಅಥವಾ ಮಧ್ಯಮವಾದ ಸ್ಪಂಜೇ ಲೇಸು. ಪೊಟ್ಟಣದ ಮೇಲೆ ಗಡಸುತನವನ್ನು ಅಂಕೆಗಳಲ್ಲಿ ಬರೆದಿರುವರಾದರೂ ಚೀನಾದವರ ಅಳತೆಯೇ ಬೇರೆ, ಜಪಾನ್ ಜರ್ಮನಿಗಳವರದೇ ಬೇರೆ. ಒಂದು ದೇಶದ ಅಂಕೆಯನ್ನು ಇನ್ನೊಂದರೊಡನೆ ಹೋಲಿಸಿ ಮೋಸಹೋಗಬಾರದು. ಹೊಸ ಹೊಸ ಹೆಸರುಗಳ ಹಿಂದೆ ಓಡಬೇಕಾದುದೂ ಇಲ್ಲ. ಜಪಾನಿನ ಯಸಾಕಾ ಕಂಪನಿಯವರ ಮಾರ್ಕ್ ಫೈವ್ ಎಂಬುದು 1969ರಲ್ಲಿ ಹೊರಟ ರಬ್ಬರು, ಇಂದಿಗೂ ಮಾರಾಟವಾಗುತ್ತಿದೆ.

ಪಂದ್ಯಗಳಲ್ಲಿ ಆಡುವ ಮಕ್ಕಳ ತಂದೆತಾಯಿಗಳು ಮರೆಯದೆ ನೋಡಬೇಕಾದ ಗುರುತೊಂದುಂಟು. ರಬ್ಬರಿನ ಕೆಳಗಡೆ, ಹಿಡಿಯ ಬಳಿಗೆ ಬರುವ ಭಾಗದಲ್ಲಿ, ಐ.ಟಿ.ಟಿ.ಎಫ್. ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮುದ್ರೆಯೂ ಒಂದು ಚೌಕದೊಳಗೆ ಅಂಕೆಗಳೂ ಇರಬೇಕು. ಅದಿಲ್ಲದ ಬ್ಯಾಟನ್ನು ಅಂಪೈರು ತಿರಸ್ಕರಿಸಬಹುದು. ಅಂಟಿಸುವಾಗಲೂ ಆ ಮುದ್ರೆ ಕತ್ತರಿಸಿಹೋಗದೆ ಕಾಣುವಂತಿರಬೇಕು. ಒಂದು ಮೈ ಕಪ್ಪಾಗಿರಲೇಬೇಕು. ಇನ್ನೊಂದು ಮೈ 1986ರಿಂದ ಕೆಂಪೇ ಆಗಿದ್ದಿತು. 2021ರಿಂದ ನೀಲಿ, ಹಸಿರು, ನಸುಗೆಂಪು, ನೇರಳೆಗಳಿಗೂ ಅನುಮತಿ ಬಂದಿದೆ. ನಮ್ಮ ಹುಡುಗಿ ನೇರಳೆಯನ್ನು ಆಸೆಯಿಂದ ನೋಡಿದಳು. ಆ ಬೆಲೆಯಲ್ಲಿ ಕೆಂಪೇ ಸಿಕ್ಕಿತು.

ರಬ್ಬರೊಂದಕ್ಕೆ 1,300 ರೂಪಾಯಿ. ಅಲ್ಲಿಯೇ ಪಕ್ಕದಲ್ಲಿ 5,500 ರೂಪಾಯಿಯ ರಬ್ಬರೂ ಇದ್ದಿತು. ಇಲ್ಲಿ ಗೃಹಸ್ಥನು ಮಾಡಬೇಕಾದ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಾನು ಹಿಂದೆ ಸೋತುದು ಇಲ್ಲಿಯೇ. ನಾವು ಕೊಳ್ಳುವ ದಿನದ ಬೆಲೆಯನ್ನು ನೋಡುವೆವು, ನಡೆಸುವ ವರ್ಷದ ಬೆಲೆಯನ್ನು ನೋಡುವುದಿಲ್ಲ. ವಾರದಲ್ಲಿ ಐದು ದಿನ ಆಡುವ ಮಗುವಿನ ಫೋರ್‌ಹ್ಯಾಂಡ್ ರಬ್ಬರು ಆರು ತಿಂಗಳಿಗೆ ತನ್ನ ಹಿಡಿತವನ್ನು ಕಳೆದುಕೊಳ್ಳುವುದೆಂದು ಇಟ್ಟುಕೊಳ್ಳಿ. ಆಗ ಅದು ನೋಡಲು ಹೊಸದರಂತೆಯೇ ಇರಬಹುದು. ಚೆಂಡನ್ನು ಅದರ ಮೇಲೆ ಒತ್ತಿ ಎಳೆದರೆ ಕಚ್ಚಿಕೊಳ್ಳದೆ ಜಾರುವುದು. ಸತ್ತ ರಬ್ಬರಿನಲ್ಲಿ ಆಡುವ ಮಗು ತಾನರಿಯದೆಯೇ ಹೊಡೆತವನ್ನು ಬದಲಾಯಿಸಿಕೊಂಡುಬಿಡುವುದು. ನನ್ನ ಮಗನ ಬ್ಯಾಟಿನ ರಬ್ಬರು ಸವೆದಾಗ, ಹೊಸದರ ಬೆಲೆಯನ್ನು ಕೇಳಿ ಎದೆ ಧಸಕ್ಕೆಂದು, "ಇನ್ನೂ ಚೆನ್ನಾಗಿಯೇ ಇದೆಯಲ್ಲಪ್ಪ, ಮುಂದಿನ ವರ್ಷ ನೋಡೋಣ" ಎಂದಿದ್ದೆನು. ಹುಡುಗನು ಮರುಮಾತಾಡಲಿಲ್ಲ. ಬೆಲೆಯುಳ್ಳ ರಬ್ಬರನ್ನು ಬದಲಾಯಿಸದೆ ಇಟ್ಟುಕೊಳ್ಳುವುದಕ್ಕಿಂತ ಅಗ್ಗದ ರಬ್ಬರನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸುವುದು ನೂರು ಪಾಲು ಮೇಲು.

ಇದರಲ್ಲಿಯೂ ಒಂದು ಉಳಿತಾಯದ ಉಪಾಯವನ್ನು ಆ ಮುದುಕರು ಹೇಳಿಕೊಟ್ಟರು. ಎರಡು ಮೈಗೂ ಒಂದೇ ರಬ್ಬರು ಇರುವಾಗ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕಾಗಿಲ್ಲ. ಮೊದಲು ಕಪ್ಪು ಫೋರ್‌ಹ್ಯಾಂಡಿಗೆ, ಕೆಂಪು ಬ್ಯಾಕ್‌ಹ್ಯಾಂಡಿಗೆ. ಆರು ತಿಂಗಳ ಮೇಲೆ ಸವೆದ ಕಪ್ಪನ್ನು ಕಿತ್ತು ಹೊಸ ಕಪ್ಪನ್ನು ಹಾಕುವುದು. ಮತ್ತೆ ಆರು ತಿಂಗಳಿಗೆ ಕೆಂಪನ್ನು ಕಿತ್ತು ಹೊಸ ಕೆಂಪನ್ನು ಹಾಕಿ, ಬ್ಯಾಟನ್ನು ತಿರುಗಿಸಿ ಹಿಡಿದು, ಹೊಸ ಕೆಂಪನ್ನೇ ಫೋರ್‌ಹ್ಯಾಂಡಿಗೆ ಮಾಡಿಕೊಂಡರೆ, ಅರ್ಧ ಸವೆದ ಕಪ್ಪು ಬ್ಯಾಕ್‌ಹ್ಯಾಂಡಿನಲ್ಲಿ ಇನ್ನಾರು ತಿಂಗಳು ಸೇವೆ ಮಾಡುವುದು. ಯಾವ ಬಣ್ಣ ಯಾವ ಕಡೆಗೆಂಬ ನಿರ್ಬಂಧ ನಿಯಮದಲ್ಲಿಲ್ಲ. ಹಬ್ಬಕ್ಕೆ ಉಟ್ಟ ಪಂಚೆಯನ್ನು ಮರುವರ್ಷ ಮನೆಯಲ್ಲಿ ಉಡುವಂತೆ. ಹೀಗೆ ಮಾಡಿದರೆ ಎರಡು ವರ್ಷಕ್ಕೆ ಮೊದಲಿನ ಎರಡು, ಆ ಮೇಲಿನ ಮೂರು, ಒಟ್ಟು ಐದು ರಬ್ಬರು: 6,500 ರೂಪಾಯಿ. ಆ ಇನ್ನೊಂದು ರಬ್ಬರಾದರೆ 27,500. ತಮ್ಮನು ಈ ಅಂಕೆಗಳನ್ನು ಕೇಳಿ ಲಕೋಟೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡನು.

ಹಲಗೆ 2,700, ರಬ್ಬರು ಎರಡಕ್ಕೆ 2,600, ನೀರಿನ ಅಂಟು 350, ಅಂಚಿಗೆ ಸುತ್ತುವ ಪಟ್ಟಿ 100. ಒಟ್ಟು 5,750. ಉಳಿದ 250 ರಲ್ಲಿ ಬ್ಯಾಟಿನ ಚೀಲ ಬರುವಂತಿರಲಿಲ್ಲ. ಮನೆಯಾಕೆ ಹಳೆಯ ಜಮಖಾನೆಯ ತುಂಡಿನಿಂದ ಒಂದನ್ನು ಹೊಲಿದುಕೊಟ್ಟಳು. ಆ ಹಣವನ್ನು ಹುಡುಗಿಯೇ ಮುಂದಿನ ರಬ್ಬರಿಗೆಂದು ತನ್ನ ಡಬ್ಬಿಗೆ ಹಾಕಿಕೊಂಡಳು.

ಅಂಟಿನ ವಿಷಯದಲ್ಲಿ ಎಚ್ಚರಿಕೆ ಬೇಕು. 1970ರ ದಶಕದಲ್ಲಿ ಯೂರೋಪಿನ ಆಟಗಾರರು ಸೈಕಲ್ ಟ್ಯೂಬಿಗೆ ಹಚ್ಚುವ ಪಂಕ್ಚರ್ ಸೊಲ್ಯೂಷನ್ನಿನಂಥ ಅಂಟನ್ನು ಹಚ್ಚಿದರೆ ಸ್ಪಂಜು ಉಬ್ಬಿ ಚೆಂಡು ಬಹಳ ವೇಗವಾಗಿ ಹೋಗುವುದೆಂದು ಕಂಡುಕೊಂಡರು. ಪ್ರತಿ ಆಟಕ್ಕೆ ಮುಂಚೆ ಹೊಸದಾಗಿ ಹಚ್ಚುವ ರೂಢಿ ಬಹುಕಾಲ ನಡೆಯಿತು. ಅದರ ಆವಿ ಮೈಗೆ ವಿಷ. ಆದುದರಿಂದ 2008ರಲ್ಲಿ ಅಂಥ ಅಂಟುಗಳನ್ನು ನಿಷೇಧಿಸಿದರು. ಈಗಲೂ ನಮ್ಮ ಕಡೆ ಉಳಿತಾಯಕ್ಕೆಂದು ಪಂಕ್ಚರ್ ಸೊಲ್ಯೂಷನ್ನನ್ನು ಕೊಳ್ಳುವವರುಂಟು. ಮಕ್ಕಳಿರುವ ಮನೆಯಲ್ಲಿ ಅದು ಕೂಡದು.

ಅಂಟಿಸುವ ಕೆಲಸವನ್ನು ಭಾನುವಾರ ಮನೆಯಲ್ಲಿಯೇ ಮಾಡಿದೆವು. ಕಾಲೇಜಿನಿಂದ ರಜೆಗೆ ಬಂದಿದ್ದ ನನ್ನ ಮಗನು, ಯಾರೂ ಕರೆಯದೆಯೇ, ಬಂದು ಕುಳಿತನು. ಮೊದಲು ಹಲಗೆಯ ಮೈಗೆ ತೆಳುವಾಗಿ ಒಂದು ಕೈ ವಾರ್ನಿಷ್ ಬಳಿದು ಹಿಂದಿನ ದಿನವೇ ಒಣಗಿಸಿಟ್ಟಿದ್ದನು. ಹಾಗೆ ಮಾಡದಿದ್ದರೆ ಮುಂದೆ ರಬ್ಬರು ಕೀಳುವಾಗ ಮರದ ಸಿಬಿರುಗಳೂ ಎದ್ದು ಬರುತ್ತವಂತೆ. ಸ್ಪಂಜಿಗೂ ಹಲಗೆಗೂ ಹಾಲಿನಂಥ ಅಂಟನ್ನು ಒಂದೊಂದು ಪದರ ಸವರಿ, ಬಿಳುಪು ಹೋಗಿ ತಿಳಿಯಾಗುವ ತನಕ ಕಾಲು ಗಂಟೆ ಬಿಟ್ಟನು. ಬಳಿಕ ಮುದ್ರೆಯ ಕಡೆಯನ್ನು ಹಿಡಿಯ ಬಳಿ ಕೂರಿಸಿ, ಅಲ್ಲಿಂದ ಮೇಲಕ್ಕೆ, ಎಳೆಯದೆ, ಒತ್ತದೆ ಲಟ್ಟಣಿಗೆಯಿಂದ ಉರುಳಿಸಿದನು. "ಚಪಾತಿ ಲಟ್ಟಿಸುವ ಕೋಲು!" ಎಂದು ಅವನ ತಾಯಿ ಕೂಗಿದಳು. ನಡುವೆ ಕಾಗದ ಹಾಕಿದ್ದಾನೆಂದು ನಾನು ಸಮಾಧಾನ ಹೇಳಿದೆನು. ಅಂಚನ್ನು ಒಳ್ಳೆಯ ಕತ್ತರಿಯಿಂದ ಒಂದೇ ಸಲಕ್ಕೆ ಸುತ್ತಿ ಕತ್ತರಿಸಿದನು. ತಕ್ಕಡಿಯ ಮೇಲೆ ಇಟ್ಟರೆ 173 ಗ್ರಾಂ.

ಆಡಿದ ಮೇಲೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ರಬ್ಬರಿನೊಡನೆ ಬಂದ ತೆಳ್ಳನೆಯ ಹಾಳೆಯನ್ನು ಮೇಲೆ ಮುಚ್ಚಬೇಕು, ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬಾರದು ಎಂದು ಮಗನು ತಂಗಿಗೆ ಹೇಳುತ್ತಿದ್ದನು. ಅವಳು, "ನಿನ್ನದನ್ನು ಹೀಗೆ ಮಾಡುತ್ತಿದ್ದೆಯಾ ಅಣ್ಣ?" ಎಂದಳು. ಅವನು ಎದ್ದು ಹೋಗಿ ಬೀರುವಿನಿಂದ ತನ್ನ ಹಳೆಯ ಬ್ಯಾಟನ್ನು ತಂದನು.

ಊಟದ ಮೇಜಿನ ನಡುವೆ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಇಬ್ಬರೂ ಆಡಿದರು. ಮೂರು ಆಟಗಳಲ್ಲಿ ಮೂರನ್ನೂ ಹುಡುಗಿ ಗೆದ್ದಳು. ಅವನ ಚೆಂಡು ಗೋಡೆಗೆ, ಸೂರಿಗೆ, ಒಮ್ಮೆ ಸಾರಿನ ಪಾತ್ರೆಯ ಮುಚ್ಚಳಕ್ಕೆ ಹೋಯಿತು. ಕೊನೆಗೆ ಅವನು ನಗುತ್ತ, ಬ್ಯಾಟಿನ ಸತ್ತ ರಬ್ಬರನ್ನು ಉಗುರಿನಿಂದ ಕೆರೆಯುತ್ತ, "ಅಪ್ಪ, ಈಗ ನನ್ನ ತೋಳಿಗೆ ಈ ಹಲಗೆ ಭಾರವೇನೂ ಅಲ್ಲ. ಇದೇ 1,300ರ ರಬ್ಬರನ್ನು ಇದಕ್ಕೂ ಎರಡು ಹಾಕಿಕೊಂಡರೆ ಹಾಸ್ಟೆಲಿನಲ್ಲಿ ಆಡಬಹುದು" ಎಂದನು.

ಮಾರನೆಯ ದಿನವೇ ಹೋಗಿ ತಂದುಕೊಟ್ಟೆನು. ಮನೆಯ ಲೆಕ್ಕ ಬರೆಯುವ ಅವನ ತಾಯಿ, ಈ 2,600 ರೂಪಾಯಿಯನ್ನು ಮಗನ ಓದಿನ ಬಾಬಿನಲ್ಲಿ ಬರೆಯಬೇಕೋ, ಹಳೆಯ ಸಾಮಾನಿನ ರಿಪೇರಿಯ ಬಾಬಿನಲ್ಲಿ ಬರೆಯಬೇಕೋ ಎಂದು ಪುಸ್ತಕವನ್ನು ತೆರೆದಿಟ್ಟುಕೊಂಡು ಕೇಳಿದಳು. ಹಳೆಯ ಬಾಕಿ ಎಂದು ಬರೆಯಲು ಹೇಳಿದೆನು.